ಆರ್ಡರ್ ವಾಪಸ್ ಬಂದಾಗ ಸೆಟ್ಟರ್ ಇರಲಿಲ್ಲ

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ವಾಹನಗಳ ಬಿಡಿಭಾಗಗಳ ಜಾಬ್ ವರ್ಕ್ ನಮ್ಮದು. 2008ರ ಸೆಪ್ಟೆಂಬರ್‌ನಲ್ಲಿ ಲೆಹ್ಮನ್ ಬ್ರದರ್ಸ್ ಮುಳುಗಿದ ಸುದ್ದಿಯನ್ನು ಪೇಪರಿನಲ್ಲಿ ಓದಿ, ಅಮೆರಿಕದ ಬ್ಯಾಂಕಿಗೂ ನಮಗೂ ಏನು ಸಂಬಂಧ ಅಂದುಕೊಂಡಿದ್ದೆ. 2009ರ ಸಂಕ್ರಾಂತಿ ಹೊತ್ತಿಗೆ ಆರ್ಡರ್ ಇಲ್ಲದೆ ಅರ್ಧ ಮಷಿನ್‌ಗಳು ನಿಂತವು. ಸಂಬಳ ಜಾಸ್ತಿ ಇದ್ದವರನ್ನೇ ಮೊದಲು ಕಳಿಸಿದೆ.

ಅವರಲ್ಲೊಬ್ಬರು ನಮ್ಮ ಸೆಟ್ಟರ್. ಟೂಲ್ ಕೂರಿಸಿ, ಆಫ್‌ಸೆಟ್ (ಟೂಲ್‌ನ ಅಳತೆಯ ಹೊಂದಾಣಿಕೆ) ಕೊಟ್ಟು, ಮೊದಲ ಪೀಸನ್ನು ಅಳತೆಗೆ ತರುವುದು ಸೆಟ್ಟರ್ ಕೆಲಸ. ಅದಾದ ಮೇಲಷ್ಟೇ ಆಪರೇಟರ್ ಬಟನ್ ಒತ್ತುವುದು. ದಸರಾ ಹೊತ್ತಿಗೆ ಆರ್ಡರ್ ಬಂದವು. ಫೋನ್ ಮಾಡಿದೆ. "ಇಲ್ಲೇ ಚೆನ್ನಾಗಿದೀನಿ ಬಿಡಿ ಸಾರ್" ಅಂದರು. ಅವರ ಜಾಗಕ್ಕೆ ಇಬ್ಬರು ಬಂದರು. ಆದರೂ ಮೂರು ತಿಂಗಳು ರಿಜೆಕ್ಷನ್ ಬಿನ್ ತುಂಬುತ್ತಲೇ ಇತ್ತು. ಉಳಿಸಿದ್ದ ಸಂಬಳವೆಲ್ಲ ಗುಜರಿಗೆ ಹೋಯಿತು.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಆದಾಗ, ಈ ಸಲ ಸಂಬಳದ ಪಟ್ಟಿ ತೆಗೆಯಲೇ ಇಲ್ಲ. ಮನೆಯಲ್ಲಿ ಕೂತು ದೊಡ್ಡ ಹಾಳೆಯ ಮೇಲೆ ಒಂದು ಕಡೆ ಹೆಸರು, ಇನ್ನೊಂದು ಕಡೆ ಮಷಿನ್ ಬರೆದೆ. ಒಬ್ಬರೇ ಸೆಟ್ ಮಾಡಬಲ್ಲವರಿಗೆ ತುಂಬಿದ ಸೊನ್ನೆ. ಯಾರಾದರೂ ಪಕ್ಕದಲ್ಲಿ ನಿಂತರೆ ಮಾಡುವವರಿಗೆ ಅರ್ಧ ಸೊನ್ನೆ. ಎರಡು ಮಷಿನ್‌ಗಳ ಸಾಲಿನಲ್ಲಿ ತುಂಬಿದ ಸೊನ್ನೆ ಒಂದೊಂದೇ ಇತ್ತು. ನಿಜಕ್ಕೂ ಹೆದರಿಕೆ ಆಯಿತು.

ಮೇನಲ್ಲಿ ಬಾಗಿಲು ತೆಗೆದೆವು, ಕೆಲಸ ಮಾತ್ರ ಇರಲಿಲ್ಲ. ಎಲ್ಲರಿಗೂ ವಾರಕ್ಕೆ ಮೂರು ದಿನ ಅಂತ ಮಾಡಿದೆ. ಕೇಂದ್ರದ ತುರ್ತು ಸಾಲ ಯೋಜನೆಯಲ್ಲಿ, ಬಾಕಿ ಸಾಲದ ಶೇ 20ರಷ್ಟು ಹಣ ಅಡಮಾನವಿಲ್ಲದೆ ಸಿಕ್ಕಿತು. ಅದರಲ್ಲಿ ಕಚ್ಚಾ ಮಾಲು ತರಲಿಲ್ಲ, ಸಂಬಳಕ್ಕೇ ಎತ್ತಿಟ್ಟೆ. ಖಾಲಿ ಇದ್ದ ಹೊತ್ತಿನಲ್ಲಿ ಸ್ಕ್ರ್ಯಾಪ್ ರಾಡ್ ಮೇಲೆ ಕಲಿಕೆ.

ಆಗ ಹಿರಿಯ ಸೆಟ್ಟರ್ ಒಬ್ಬರು ಕೇಳಿದರು: "ಎಲ್ರಿಗೂ ಕಲಿಸಿಬಿಟ್ರೆ ನನ್ ಬೆಲೆ ಕಮ್ಮಿ ಆಗಲ್ವಾ ಸಾರ್?" ಸರಿಯಾದ ಪ್ರಶ್ನೆ ಅಲ್ವಾ? ಎರಡು ದಿನ ಉತ್ತರ ಹೊಳೆಯಲಿಲ್ಲ. ಕೊನೆಗೆ, ಅವರಿಂದ ಕಲಿತವರು ಒಬ್ಬರೇ ಸೆಟ್ ಮಾಡುವಂತಾದರೆ, ತಲೆಗೆ ತಿಂಗಳಿಗೆ 1,000 ರೂಪಾಯಿಯಂತೆ ಅವರ ಸಂಬಳ ಏರಿಸುತ್ತೇನೆ ಅಂತ ಬರೆದುಕೊಟ್ಟೆ. ಬರೀ ಬಾಯಿಮಾತಾಗಿದ್ದರೆ ನಂಬುತ್ತಿರಲಿಲ್ಲ. ನಂಬಬೇಕಾಗಿಯೂ ಇರಲಿಲ್ಲ, 2009 ಅವರಿಗೂ ನೆನಪಿತ್ತು.

ಇಷ್ಟಾದರೂ ನಾಲ್ವರನ್ನು ಕಳಿಸಲೇಬೇಕಾಯಿತು. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಂತೆ ಒಂದು ತಿಂಗಳ ನೋಟಿಸ್, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಟ್ಟೆ. ಮತ್ತೆ ಜನ ಬೇಕಾದಾಗ ಕಳಿಸಿದವರಿಗೇ ಮೊದಲ ಅವಕಾಶ ಕೊಡಬೇಕು ಅಂತಲೂ ಅದರಲ್ಲಿತ್ತು. ನನಗದು ಗೊತ್ತಾಗಿದ್ದು ಆಗಲೇ. ಪ್ರತಿ ತಿಂಗಳು ನಾಲ್ವರಿಗೂ ಫೋನ್ ಮಾಡುತ್ತಿದ್ದೆ. ಕೆಲಸ ಇಲ್ಲದಿದ್ದರೂ ಸರಿ, ಸುಮ್ನೆ ವಿಚಾರಿಸಲು. ದಸರಾ ಕಳೆದು ಆರ್ಡರ್ ಶುರುವಾದಾಗ ಮೂವರು ವಾಪಸ್ ಬಂದರು. ಇನ್ನೊಬ್ಬರು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರಕ್ಕೆ ಇಳಿದಿದ್ದರು.

ಆ ಹಾಳೆಯನ್ನು ಪ್ರತಿ ಯುಗಾದಿಗೆ ಹೊಸದಾಗಿ ಬರೆಯುತ್ತೇವೆ. ಗ್ರೈಂಡಿಂಗ್ ಸಾಲಿನಲ್ಲಿ ಈಗಲೂ ತುಂಬಿದ ಸೊನ್ನೆ ಒಂದೇ. ಅವರಿಗೆ 57 ವರ್ಷ.