ಯುದ್ಧ ಸರಿಯೇ ತಪ್ಪೇ ಎಂದು ಮಾತಾಡುವ ಮುನ್ನ: ಇರಾಕ್ ಇಟ್ಟುಕೊಂಡು ಒಂದು ತಯಾರಿ

ಕಾಲೇಜು ಮಕ್ಕಳನ್ನು ಚರ್ಚಾ ಸ್ಪರ್ಧೆಗೆ ತಯಾರು ಮಾಡುವುದು ನನಗೆ ಇಷ್ಟದ ಕೆಲಸ. ಧಾರವಾಡದಲ್ಲಿ ನಮ್ಮ ಮನೆಯ ಪಡಸಾಲೆಯಲ್ಲೇ ಅಭ್ಯಾಸ ನಡೆಯುತ್ತದೆ. ಹೊರದೇಶದ ಯುದ್ಧವೊಂದು ವಿಷಯವಾಗಿ ಬಂದರೆ ಮಕ್ಕಳು ಮೊದಲು ಪರವೋ ವಿರೋಧವೋ ತೀರ್ಮಾನ ಮಾಡುತ್ತಾರೆ, ಆಮೇಲೆ ಅದಕ್ಕೆ ಹೊಂದುವ ಮಾತು ಹುಡುಕುತ್ತಾರೆ. "ಇರಾಕ್ ಯುದ್ಧ ನಡೆದದ್ದು ಎಣ್ಣೆಗಾಗಿ" ಅಂತ ಒಬ್ಬ. "ಇರಾಕ್ ಆಳುತ್ತಿದ್ದ ಸದ್ದಾಂ ಹುಸೇನ್ ಕ್ರೂರಿ, ಅವನನ್ನು ಇಳಿಸಿದ್ದೇ ಸರಿ" ಅಂತ ಇನ್ನೊಬ್ಬಳು. ಎರಡರಲ್ಲೂ ಒಂದಷ್ಟು ಹುರುಳಿದೆ. ಆದರೆ ಲಕ್ಷಗಟ್ಟಲೆ ಜನರ ಬದುಕು ಹಾಳಾದ ವಿಷಯವನ್ನು ಒಂದೇ ಸಾಲಿಗೆ ಇಳಿಸಿ ಬಹುಮಾನ ಗೆಲ್ಲುವುದು ನನಗೆ ಒಪ್ಪಿಗೆ ಇಲ್ಲ.

ಹಾಗಾಗಿ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಯಾವ ಯುದ್ಧಕ್ಕಾದರೂ ಬಳಸಬಹುದು. ಕಲಿಯಲು ಮಾತ್ರ 2003ರ ಮಾರ್ಚ್‌ನಲ್ಲಿ ಅಮೆರಿಕ, ಬ್ರಿಟನ್ ಸೇರಿ ಶುರು ಮಾಡಿದ ಇರಾಕ್ ಯುದ್ಧವೇ ಒಳ್ಳೆಯದು. ಅಮೆರಿಕ, ಬ್ರಿಟನ್‌ಗಳಲ್ಲಿ ಅದರ ಬಗ್ಗೆ ನಡೆದ ವಾದದ ಕಾಗದಪತ್ರಗಳು ಬಹುಮಟ್ಟಿಗೆ ಹೊರಗೆ ಬಂದಿವೆ. ವಿಚಾರಣಾ ವರದಿಗಳೂ ಇವೆ. ನಿಮಗೆ ಬೇಕಾದದ್ದು ಒಂದು ಉದ್ದನೆಯ ನೋಟ್‌ಬುಕ್, ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು, ಕೆಲವು ಸಂಜೆಗಳ ತಾಳ್ಮೆ.

ಎಡಕ್ಕೆ ಕಾರಣ, ಬಲಕ್ಕೆ ಗುರಿ

ನೋಟ್‌ಬುಕ್ ತೆರೆದು ಎಡ ಪುಟದ ಮೇಲೆ "ಯಾಕೆ ಹೋಗಬೇಕು" ಅಂತ ಬರೆಯಿರಿ. ಬಲ ಪುಟದ ಮೇಲೆ "ಹೋಗಿ ಏನು ಸಾಧಿಸಬೇಕು" ಅಂತ ಬರೆಯಿರಿ. ಇಡೀ ತಯಾರಿಯ ಬೇರು ಇಲ್ಲೇ ಇದೆ. ಕಾರಣ ನಿಜವಾಗಿದ್ದೂ ಗುರಿ ಅಸಾಧ್ಯವಾಗಿರಬಹುದು. ಗುರಿ ಒಳ್ಳೆಯದಾಗಿದ್ದೂ ಕಾರಣ ಸುಳ್ಳಾಗಿರಬಹುದು. ಸಭೆಯಲ್ಲಿ ಜಗಳ ಬಗೆಹರಿಯದೆ ಹೋಗುವುದು ಹೆಚ್ಚಾಗಿ ಒಬ್ಬರು ಕಾರಣದ ಬಗ್ಗೆ ಮಾತಾಡುತ್ತಿರುವಾಗ ಇನ್ನೊಬ್ಬರು ಗುರಿಯ ಬಗ್ಗೆ ಉತ್ತರ ಕೊಡುತ್ತಿರುವುದರಿಂದ.

ತಾರೀಕು ಇಲ್ಲದೆ ಒಂದು ಸಾಲನ್ನೂ ಬರೆಯಬೇಡಿ. 2002ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸತ್ತು ಅಧ್ಯಕ್ಷ ಬುಷ್‌ಗೆ ಸೇನೆ ಬಳಸುವ ಅಧಿಕಾರ ಕೊಟ್ಟಿತು. ಪ್ರತಿನಿಧಿಗಳ ಸಭೆಯಲ್ಲಿ 296 ಪರ, 133 ವಿರೋಧ. ಸೆನೆಟ್‌ನಲ್ಲಿ 77 ಪರ, 23 ವಿರೋಧ. ಆ ಗೊತ್ತುವಳಿಯನ್ನು ಪೂರ್ತಿ ಓದಿ. ಅದರಲ್ಲಿ ಒಂದಲ್ಲ, ಸಾಲು ಸಾಲು ಕಾರಣಗಳಿವೆ: ಸಮೂಹ ನಾಶಕ ಅಸ್ತ್ರಗಳು (ಅಣು, ರಾಸಾಯನಿಕ, ಜೈವಿಕ ಅಸ್ತ್ರಗಳು), ಕುವೈತ್ ಯುದ್ಧದ ಕೊನೆಗೆ ಆದ 1991ರ ಕದನ ವಿರಾಮದ ಷರತ್ತು ಮುರಿದದ್ದು, ತನ್ನದೇ ಜನರ ಮೇಲೆ ದೌರ್ಜನ್ಯ, ಅಲ್ ಕೈದಾದವರು ಇರಾಕ್‌ನಲ್ಲಿದ್ದಾರೆ ಎಂಬ ಮಾತು, ಅಧ್ಯಕ್ಷರ ತಂದೆ, ಮಾಜಿ ಅಧ್ಯಕ್ಷ ಹಿರಿಯ ಬುಷ್ ಅವರ ಕೊಲೆಗೆ 1993ರಲ್ಲಿ ನಡೆದ ಪ್ರಯತ್ನ. ಇಷ್ಟೊಂದು ಕಾರಣ ಒಟ್ಟಿಗೆ ಕಂಡಾಗ ನಿಲ್ಲಿ. ಯಾವ ಕಾರಣ ಒಂದನ್ನೇ ತೆಗೆದುಬಿಟ್ಟರೆ ಯುದ್ಧಕ್ಕೆ ಒಪ್ಪಿಗೆ ಸಿಗುತ್ತಿರಲಿಲ್ಲ ಅಂತ ಕೇಳಿಕೊಳ್ಳಿ. ಇಲ್ಲಿ ಉತ್ತರ ಅಸ್ತ್ರಗಳು. ರಕ್ಷಣಾ ಇಲಾಖೆಯ ಉಪ ಕಾರ್ಯದರ್ಶಿ ಪಾಲ್ ವುಲ್ಫೊವಿಟ್ಜ್ ಅವರೇ 2003ರ ಮೇ ತಿಂಗಳ ಸಂದರ್ಶನದಲ್ಲಿ ಎಲ್ಲರೂ ಒಪ್ಪುವ ಕಾರಣ ಅದಾಗಿತ್ತು ಎಂಬ ಅರ್ಥದ ಮಾತು ಹೇಳಿದರು.

ಬಲ ಪುಟ ನೋಡಿ. ಶುರುವಿನಲ್ಲಿ ಅಲ್ಲಿರುವುದು ಅಸ್ತ್ರ ಕಿತ್ತುಕೊಳ್ಳುವುದು ಮತ್ತು ಸದ್ದಾಂನನ್ನು ಇಳಿಸುವುದು. ಬಾಗ್ದಾದ್ ಬಿದ್ದದ್ದು 2003ರ ಏಪ್ರಿಲ್ 9ಕ್ಕೆ. ಅಸ್ತ್ರ ಸಿಗಲಿಲ್ಲ. ಆ ವರ್ಷ ನವೆಂಬರ್ ಹೊತ್ತಿಗೆ ಬುಷ್ ಭಾಷಣಗಳಲ್ಲಿ ಮಧ್ಯಪ್ರಾಚ್ಯಕ್ಕೆಲ್ಲ ಪ್ರಜಾಪ್ರಭುತ್ವ ತರುವ ಮಾತು ಮುಂದಕ್ಕೆ ಬಂತು. 2007ರ ಜನವರಿಯಲ್ಲಿ 20,000ಕ್ಕೂ ಹೆಚ್ಚು ಸೈನಿಕರನ್ನು ಮತ್ತೆ ಕಳಿಸಿದಾಗ ಗುರಿ ಬಾಗ್ದಾದ್‌ನ ಒಳಗಲಭೆ ತಡೆಯುವುದಾಗಿತ್ತು. ತಾರೀಕು ಹಾಕಿ ಬರೆದರೆ ಗುರಿ ಬದಲಾಗಿದ್ದು ಕಣ್ಣಿಗೆ ಕಾಣುತ್ತದೆ, ವಾದ ಮಾಡಿ ತೋರಿಸಬೇಕಾಗಿಯೇ ಇಲ್ಲ.

ಪರ ಎಂದರೆ ಯಾರು, ವಿರೋಧ ಎಂದರೆ ಯಾರು

ನಮ್ಮ ಚರ್ಚಾ ಸ್ಪರ್ಧೆಯ ರೂಢಿಯೇ ನಮ್ಮನ್ನು ಇಲ್ಲಿ ದಾರಿ ತಪ್ಪಿಸುತ್ತದೆ. ಪರ ಒಂದು ಬೆಂಚು, ವಿರೋಧ ಒಂದು ಬೆಂಚು. ನಿಜವಾದ ವಾದದಲ್ಲಿ ಒಂದೊಂದು ಬೆಂಚಿನಲ್ಲೂ ಒಬ್ಬರಿಗೊಬ್ಬರು ಆಗದವರು ಕೂತಿರುತ್ತಾರೆ. ಅವರನ್ನು ಬಿಡಿಸಿ ಬರೆಯಿರಿ.

ವಿರೋಧಿಗಳನ್ನೇ ತೆಗೆದುಕೊಳ್ಳಿ. ಬ್ರೆಂಟ್ ಸ್ಕೋಕ್ರಾಫ್ಟ್ ಹಿರಿಯ ಬುಷ್‌ಗೆ ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿದ್ದವರು, ರಿಪಬ್ಲಿಕನ್ ಪಕ್ಷದವರು. 2002ರ ಆಗಸ್ಟ್‌ನಲ್ಲೇ ಪತ್ರಿಕೆಗೆ ಬರೆದು, ಇರಾಕ್‌ಗೆ ಹೋದರೆ ಭಯೋತ್ಪಾದನೆಯ ವಿರುದ್ಧದ ಹೋರಾಟ ಹಳಿ ತಪ್ಪುತ್ತದೆ ಎಂದರು. ಸೆಪ್ಟೆಂಬರ್‌ನಲ್ಲಿ 33 ವಿದ್ವಾಂಸರು ದುಡ್ಡು ಕೊಟ್ಟು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಜಾಹೀರಾತು ಹಾಕಿದರು. ಅವರು ಶಾಂತಿವಾದಿಗಳಲ್ಲ. ಈ ಯುದ್ಧದಿಂದ ಅಮೆರಿಕಕ್ಕೆ ಹಿತವಿಲ್ಲ ಎನ್ನುವುದಷ್ಟೇ ಅವರ ಲೆಕ್ಕ. ಸೆನೆಟರ್ ರಾಬರ್ಟ್ ಬರ್ಡ್ ಅವರ ಸಿಟ್ಟು ಬೇರೆ: ಯುದ್ಧದ ಅಂಚಿನಲ್ಲಿ ನಿಂತೂ ಸೆನೆಟ್ ಚರ್ಚೆಯನ್ನೇ ಮಾಡುತ್ತಿಲ್ಲವಲ್ಲ ಎಂಬುದು. 2003ರ ಫೆಬ್ರವರಿ 15ರಂದು ಲಂಡನ್, ರೋಮ್ ಬೀದಿಗಳಿಗೆ ಇಳಿದ ಲಕ್ಷಾಂತರ ಜನರಲ್ಲಿ ಎಲ್ಲ ಯುದ್ಧವನ್ನೂ ಬೇಡ ಎನ್ನುವವರೂ ಇದ್ದರು, ಇರಾಕ್‌ನಲ್ಲಿ ಅಸ್ತ್ರ ಹುಡುಕುತ್ತಿದ್ದ ವಿಶ್ವಸಂಸ್ಥೆಯ ತಪಾಸಕರಿಗೆ ಇನ್ನಷ್ಟು ಸಮಯ ಕೊಡಿ ಎನ್ನುವವರೂ ಇದ್ದರು.

ನನಗೆ ಬಹಳ ಹಿಡಿಸಿದ್ದು ಬ್ರಿಟನ್‌ನ ರಾಬಿನ್ ಕುಕ್ ಅವರ ವಾದ. ಹಿಂದೆ ವಿದೇಶಾಂಗ ಸಚಿವರಾಗಿದ್ದವರು. ಮಾರ್ಚ್ 17ಕ್ಕೆ ಸಂಪುಟಕ್ಕೆ ರಾಜೀನಾಮೆ ಕೊಟ್ಟು ಸಂಸತ್ತಿನಲ್ಲಿ ಮಾತಾಡಿದರು. ಸದ್ದಾಂ ದುರ್ಬಲ, ಯುದ್ಧ ಬೇಗ ಮುಗಿಯುತ್ತದೆ ಎಂದು ಲೆಕ್ಕ ಹಾಕುತ್ತೀರಿ. ಅದೇ ಉಸಿರಿನಲ್ಲಿ ಅವನು ದೊಡ್ಡ ಅಪಾಯ ಎಂದೂ ಹೇಳುತ್ತೀರಿ. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ ಎಂಬುದು ಅವರ ಮಾತಿನ ಸಾರ. ಕಾರಣ ಮತ್ತು ಯೋಜನೆ ಒಂದಕ್ಕೊಂದು ತಾಳೆ ಆಗುತ್ತವೆಯೇ ಎಂದು ನೋಡುವ ಈ ಕೌಶಲವನ್ನು ನೀವು ಎಲ್ಲ ಕಡೆ ಬಳಸಬಹುದು. ಮರುದಿನ ಮತದಾನದಲ್ಲಿ ಯುದ್ಧದ ಪರ 412, ವಿರೋಧ 149 ಮತ ಬಿದ್ದವು.

ಈಗ ಪರ ವಹಿಸಿದವರು. ಇಲ್ಲಿ ಮಕ್ಕಳು ಸೋಮಾರಿಗಳಾಗುತ್ತಾರೆ, "ಅವರೆಲ್ಲ ಸುಳ್ಳುಗಾರರು" ಅಂದುಬಿಡುತ್ತಾರೆ. ಹಾಗೆ ಬಿಡಬೇಡಿ. 1988ರ ಮಾರ್ಚ್ 16ರಂದು ಇರಾಕ್‌ನದೇ ಹಲಬ್ಜಾ ಎಂಬ, ಕುರ್ದ್ ಜನಾಂಗದವರ ಊರಿನ ಮೇಲೆ ಸದ್ದಾಂ ಸೇನೆ ವಿಷಾನಿಲ ಹಾಕಿತು. ಸತ್ತವರು ಸುಮಾರು 5,000. ಬ್ರಿಟನ್‌ನ ಲೇಬರ್ ಸಂಸದೆ ಆ್ಯನ್ ಕ್ಲೂಯಿಡ್ ಕುರ್ದ್‌ ಜನರ ಪರವಾಗಿ ವರ್ಷಗಟ್ಟಲೆ ದನಿ ಎತ್ತಿದವರು. ಅವರು ಯುದ್ಧವನ್ನು ಬೆಂಬಲಿಸಿದ್ದು ಈ ನೋವಿನಿಂದ. ಇದಕ್ಕೆ ಉತ್ತರ ಕೊಡದೆ ವಿರೋಧದ ಭಾಷಣ ಪೂರ್ತಿಯಾಗುವುದಿಲ್ಲ. ಉತ್ತರ ಇದೆ. ಹಲಬ್ಜಾ ನಡೆದಾಗ ಅಮೆರಿಕ ಇರಾನ್ ವಿರುದ್ಧದ ಯುದ್ಧದಲ್ಲಿ ಸದ್ದಾಂ ಕಡೆ ವಾಲಿತ್ತು. ಆಗ ಸಾಕಾಗದ ಕಾರಣ ಹದಿನೈದು ವರ್ಷದ ನಂತರ ಹೇಗೆ ಸಾಕಾಯಿತು ಅಂತ ಕೇಳಬಹುದು. ಆದರೆ ಮೊದಲು ಹಲಬ್ಜಾದ ಹೆಸರು ನಿಮ್ಮ ಬಾಯಿಂದಲೇ ಬರಬೇಕು.

ಇರಾಕ್ ಜನರಿಗೇ ಒಂದು ಪುಟ ಬೇರೆ ಇಡಿ. ಅವರಲ್ಲೂ ಒಮ್ಮತ ಇರಲಿಲ್ಲ. ದೇಶ ಬಿಟ್ಟು ಹೋಗಿದ್ದ ಲೇಖಕ ಕನಾನ್ ಮಕಿಯಾ ಯುದ್ಧ ಬೇಕು ಎಂದರು. ಸದ್ದಾಂ ಕೈಯಲ್ಲಿ ಬಹಳ ಪೆಟ್ಟು ತಿಂದಿದ್ದ ಇರಾಕ್ ಕಮ್ಯುನಿಸ್ಟ್ ಪಕ್ಷ ಯುದ್ಧವೂ ಬೇಡ, ಸರ್ವಾಧಿಕಾರವೂ ಬೇಡ ಎಂದಿತು. ಆಮೇಲೆ ಅಮೆರಿಕ ನೇಮಿಸಿದ ಆಡಳಿತ ಮಂಡಳಿಯಲ್ಲಿ ಅದೇ ಪಕ್ಷ ಸ್ಥಾನ ತೆಗೆದುಕೊಂಡಿತು. ಒಬ್ಬ ವಿದ್ಯಾರ್ಥಿನಿ, "ಮೇಡಂ, ಇವರನ್ನು ಯಾವ ಬೆಂಚಿಗೆ ಹಾಕಲಿ?" ಅಂತ ಕೇಳಿದಳು. ಯಾವ ಬೆಂಚಿಗೂ ಬೇಡಮ್ಮ, ಇದ್ದ ಹಾಗೇ ಬರಿ ಅಂದೆ.

ಒಂದೇ ಪ್ರಶ್ನೆ ಅಲ್ಲ, ಮೂರು

"ಯುದ್ಧ ಸರಿಯೇ" ಎಂಬುದನ್ನು ಒಡೆಯಿರಿ. ಕಾನೂನಿನ ಪ್ರಕಾರ ಸರಿಯೇ? ಹೇಳಿದ ಸಂಗತಿ ನಿಜವೇ? ಮಾಡಿದ್ದು ಜಾಣತನವೇ?

ಕಾನೂನಿನ ವಿಷಯದಲ್ಲಿ ಹಿಡಿಯಬೇಕಾದ ಎಳೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 1441ನೇ ನಿರ್ಣಯ. 2002ರ ನವೆಂಬರ್ 8ರಂದು ಹದಿನೈದೂ ದೇಶ ಒಪ್ಪಿದವು. ಇರಾಕ್‌ಗೆ ಅದು ಕೊನೆಯ ಅವಕಾಶ, ತಪ್ಪಿದರೆ ಗಂಭೀರ ಪರಿಣಾಮ ಎಂದು ಅದರಲ್ಲಿತ್ತು. ಯುದ್ಧಕ್ಕೆ ಅಷ್ಟೇ ಸಾಕು ಎಂದವರು ಅಮೆರಿಕ, ಬ್ರಿಟನ್. ಸಾಲದು, ಮತ್ತೆ ಮಂಡಳಿಗೆ ಬರಬೇಕು ಎಂದವರು ಫ್ರಾನ್ಸ್ ಮತ್ತಿತರರು. ಎರಡನೇ ನಿರ್ಣಯಕ್ಕೆ ಬೆಂಬಲ ಸಿಗದೆ ಅಮೆರಿಕ, ಬ್ರಿಟನ್ ಅದನ್ನು ಕೈಬಿಟ್ಟು ಯುದ್ಧಕ್ಕೆ ಹೋದವು. ಬ್ರಿಟನ್ ಸರ್ಕಾರದ ವಿದೇಶಾಂಗ ಕಚೇರಿಯ ವಕೀಲೆ ಎಲಿಜಬೆತ್ ವಿಲ್ಮ್ಸ್‌ಹರ್ಸ್ಟ್ ಇದು ಕಾನೂನುಬದ್ಧ ಅಲ್ಲ ಎಂದು ಕೆಲಸ ಬಿಟ್ಟರು. ವಿಶ್ವಸಂಸ್ಥೆಯ ಮುಖ್ಯಸ್ಥ ಕೋಫಿ ಅನ್ನಾನ್ 2004ರಲ್ಲಿ ಅದೇ ಮಾತು ಹೇಳಿದರು.

ಜಾಣತನದ ಪ್ರಶ್ನೆಗೆ ಒಂದೇ ಉದಾಹರಣೆ ಸಾಕು. 2003ರ ಫೆಬ್ರವರಿ 25ರಂದು ಅಮೆರಿಕದ ಭೂಸೇನಾ ಮುಖ್ಯಸ್ಥ ಎರಿಕ್ ಶಿನ್ಸೆಕಿ, ಯುದ್ಧದ ನಂತರ ಇರಾಕ್ ನೋಡಿಕೊಳ್ಳಲು ಹಲವು ಲಕ್ಷ ಸೈನಿಕರು ಬೇಕಾಗಬಹುದು ಎಂದು ಸೆನೆಟ್ ಸಮಿತಿಗೆ ಹೇಳಿದರು. ಎರಡೇ ದಿನಕ್ಕೆ ವುಲ್ಫೊವಿಟ್ಜ್ ಆ ಅಂದಾಜು ತೀರಾ ತಪ್ಪು ಎಂದು ತಳ್ಳಿಹಾಕಿದರು. ಗುರಿ ದೊಡ್ಡದು, ಅದಕ್ಕೆ ಕೊಡಲು ಸಿದ್ಧವಿದ್ದ ಜನ ಕಡಿಮೆ. ಬಲ ಪುಟದ ಪಕ್ಕದಲ್ಲಿ ಬರೆದುಕೊಳ್ಳಿ.

ನಿಜವೇ ಎಂಬ ಪ್ರಶ್ನೆಗೆ ಎರಡು ಪೆನ್ನು ಬೇಕು.

ನೀಲಿ ಮತ್ತು ಕೆಂಪು

ಆ ದಿನ ಜನರಿಗೆ ಗೊತ್ತಿದ್ದುದನ್ನು ನೀಲಿಯಲ್ಲಿ ಬರೆಯಿರಿ. ಆಮೇಲೆ ಬಯಲಾದದ್ದನ್ನು ಕೆಂಪಿನಲ್ಲಿ. ಇದನ್ನು ಮಾಡದಿದ್ದರೆ ವಾದ ಮಾಡಿದವರಿಗೆ ಅನ್ಯಾಯ ಆಗುತ್ತದೆ. 2003ರಲ್ಲಿ ಒಬ್ಬ ಸಂಸದ ನಂಬಿದ್ದು ತಪ್ಪೇ ಅಂತ ಹೇಳಲು 2004ರ ವರದಿ ತೋರಿಸಿದರೆ ಅದು ನ್ಯಾಯ ಅಲ್ಲ, ಅಲ್ವಾ?

2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಭದ್ರತಾ ಮಂಡಳಿಯಲ್ಲಿ ಇರಾಕ್ ಬಳಿ ಸಂಚಾರಿ ಜೈವಿಕ ಅಸ್ತ್ರ ಪ್ರಯೋಗಾಲಯಗಳಿವೆ ಎಂದರು: ನೀಲಿ. ಆ ಸುದ್ದಿಯ ಮುಖ್ಯ ಮೂಲವಾಗಿದ್ದ ವ್ಯಕ್ತಿ ಹೇಳಿದ್ದು ಕಟ್ಟುಕಥೆ: ಕೆಂಪು. ಇರಾಕ್ ಆಫ್ರಿಕಾದಿಂದ ಯುರೇನಿಯಂ ಕೊಳ್ಳಲು ನೋಡಿತ್ತು ಎಂದು ಬುಷ್ ಜನವರಿ 28ರ ಭಾಷಣದಲ್ಲಿ ಹೇಳಿದರು. ಅದಕ್ಕೆ ಸಂಬಂಧಿಸಿದ ಕಾಗದಗಳು ನಕಲಿ ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಎಲ್‌ಬರದೇಯ್ ಮಾರ್ಚ್ 7ರಂದೇ ಮಂಡಳಿಗೆ ತಿಳಿಸಿದರು. ಅಂದರೆ ಯುದ್ಧ ಶುರುವಾಗುವ ಮುಂಚೆ. ಇದು ನೀಲಿ! ನೀಲಿಯಲ್ಲಿ ಎಷ್ಟೊಂದು ಅನುಮಾನ ಆಗಲೇ ಇತ್ತು ಎಂದು ಕಾಣುವುದೇ ಈ ಅಭ್ಯಾಸದ ಬೆಲೆ. ಸಂಗ್ರಹಿಸಿಟ್ಟ ಅಸ್ತ್ರಗಳು ಇರಲೇ ಇಲ್ಲ ಎಂದು ಅಮೆರಿಕದ ಸ್ವಂತ ತನಿಖೆ, ಚಾರ್ಲ್ಸ್ ಡುಲ್ಫರ್ ವರದಿ, 2004ರಲ್ಲಿ ಹೇಳಿತು. ಅದು ಕೆಂಪು.

ಕೆಲವು ಕಾಗದಗಳಿಗೆ ಎರಡು ತಾರೀಕು ಹಾಕಬೇಕಾಗುತ್ತದೆ. ಬ್ರಿಟನ್‌ನ ಅಟಾರ್ನಿ ಜನರಲ್ ಗೋಲ್ಡ್‌ಸ್ಮಿತ್ 2003ರ ಮಾರ್ಚ್ 7ರಂದು ಪ್ರಧಾನಿ ಬ್ಲೇರ್‌ಗೆ ಕೊಟ್ಟ ಉದ್ದನೆಯ ಕಾನೂನು ಸಲಹೆಯಲ್ಲಿ ಹಲವು ಎಚ್ಚರಿಕೆಗಳಿದ್ದವು. ಸಂಸತ್ತಿಗೆ ಸಿಕ್ಕಿದ್ದು ಹತ್ತು ದಿನ ಬಿಟ್ಟು ಬಂದ, ಎಚ್ಚರಿಕೆಗಳೇ ಇಲ್ಲದ ಚಿಕ್ಕ ಉತ್ತರ. ಪೂರ್ತಿ ಸಲಹೆ ಹೊರಬಿದ್ದದ್ದು 2005ರಲ್ಲಿ. ಬರೆದ ದಿನ ಮತ್ತು ಜನ ಓದಿದ ದಿನದ ನಡುವಿನ ಈ ಅಂತರವನ್ನು ಗುರುತು ಹಾಕಿ. ಸಂಸತ್ತು ಅರ್ಧ ಮಾಹಿತಿ ಇಟ್ಟುಕೊಂಡು ಮತ ಹಾಕಿತು ಎಂಬುದು ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ತುಂಬಾ ನೋವು ತರುವ ಸಂಗತಿ. ಈ ಯುದ್ಧದ ಬಗ್ಗೆ ಬ್ರಿಟನ್ ನಡೆಸಿದ ವಿಚಾರಣೆಯ ವರದಿ, 2016ರಲ್ಲಿ ಬಂದ ಚಿಲ್ಕಾಟ್ ವರದಿ, ಶಾಂತಿಯ ದಾರಿಗಳು ಮುಗಿಯುವ ಮೊದಲೇ ಬ್ರಿಟನ್ ಯುದ್ಧಕ್ಕೆ ಇಳಿಯಿತು ಎಂದು ಸ್ಪಷ್ಟವಾಗಿ ಬರೆಯಿತು. ಹನ್ನೆರಡು ಸಂಪುಟ ಓದುವುದು ಬೇಡ, ಅದರ ಸಾರಾಂಶ ಸಾಕು.

ಎಣ್ಣೆಯ ಮಾತು ಬಂದೇ ಬರುತ್ತದೆ. 2003ರ ಏಪ್ರಿಲ್‌ನಲ್ಲಿ ಬಾಗ್ದಾದ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಲೂಟಿಯಾಗುತ್ತಿದ್ದಾಗ ಎಣ್ಣೆ ಸಚಿವಾಲಯಕ್ಕೆ ಅಮೆರಿಕದ ಸೈನಿಕರ ಕಾವಲಿತ್ತು. ಇದನ್ನು ಹೇಳಿ. ಆದರೆ ಇದು ತೋರಿಸುವುದು ಅವರಿಗೆ ಯಾವುದು ಮುಖ್ಯವಾಗಿತ್ತು ಎಂಬುದನ್ನು. ಯುದ್ಧ ಶುರುವಾದದ್ದೇ ಅದಕ್ಕಾಗಿ ಎನ್ನಲು ಇದೊಂದೇ ಸಾಲದು. ಸಾಕ್ಷಿ ಎಷ್ಟು ದೂರ ಹೋಗುತ್ತದೋ ಅಷ್ಟು ದೂರ ಮಾತ್ರ ಹೋಗಿ.

ಮುಗಿಯುವುದು ಯಾವಾಗ

ಏನಾದರೆ ಯುದ್ಧ ಮುಗಿಯಿತು ಎನ್ನುತ್ತೀರಿ? ಯುದ್ಧದ ಪರ ಮಾತಾಡುವ ಯಾರಿಗೇ ಆಗಲಿ ಈ ಪ್ರಶ್ನೆ ಹಾಕಿ. ಇರಾಕ್‌ನ ಬಲ ಪುಟದಲ್ಲಿ ಹುಡುಕಿ. 2003ರ ಮೇ 1ರಂದು ಯುದ್ಧನೌಕೆಯ ಮೇಲೆ ನಿಂತು ಬುಷ್ ಮುಖ್ಯ ಕಾರ್ಯಾಚರಣೆ ಮುಗಿದಿದೆ ಎಂದರು. ಇರಾಕ್‌ನಲ್ಲಿ ಸತ್ತ ಸುಮಾರು 4,500 ಅಮೆರಿಕನ್ ಸೈನಿಕರಲ್ಲಿ ಬಹುಪಾಲು ಜನ ಸತ್ತದ್ದು ಆ ಭಾಷಣದ ನಂತರ. ಇರಾಕ್‌ನ ನಾಗರಿಕರು, ದಾಖಲೆ ಸಿಕ್ಕ ಸಾವುಗಳನ್ನಷ್ಟೇ ಎಣಿಸಿದರೂ, ಒಂದು ಲಕ್ಷಕ್ಕೂ ಜಾಸ್ತಿ. ಸದ್ದಾಂ ಸಿಕ್ಕಿಬಿದ್ದ, ಮುಗಿಯಲಿಲ್ಲ. 2005ರಲ್ಲಿ ಚುನಾವಣೆ ಆಯಿತು, ಮುಗಿಯಲಿಲ್ಲ. ಸೇನೆ ಹೊರಟದ್ದು 2011ರ ಡಿಸೆಂಬರ್‌ನಲ್ಲಿ.

ನಮ್ಮ ದೇಶದ ವಾದಕ್ಕೂ ಒಂದು ಅರ್ಧ ಪುಟ ಕೊಡಿ. ಅಮೆರಿಕ ನಮ್ಮ ಸೈನಿಕರನ್ನೂ ಕೇಳಿತ್ತು. ಕಳಿಸೋಣ ಎನ್ನುವವರು ಇಲ್ಲೂ ಇದ್ದರು. ಸಂಸತ್ತು ಏಪ್ರಿಲ್‌ನಲ್ಲೇ ಯುದ್ಧವನ್ನು ಖಂಡಿಸಿತ್ತು. ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಇಲ್ಲದೆ ಕಳಿಸುವುದಿಲ್ಲ ಎಂದು ವಾಜಪೇಯಿ ಸರ್ಕಾರ 2003ರ ಜುಲೈ 14ರಂದು ತೀರ್ಮಾನ ಮಾಡಿತು. ನಮ್ಮ ಹುಡುಗರು ಅಲ್ಲಿಗೆ ಹೋಗದೆ ಉಳಿದದ್ದು ಇಂಥ ಚರ್ಚೆಯಿಂದ.

ಇನ್ನು ವೇದಿಕೆಯ ಅಭ್ಯಾಸ. ಜೋಡಿ ಮಾಡಿಕೊಳ್ಳಿ. ಮೊದಲ ಸುತ್ತಿನಲ್ಲಿ ನಿಮಗೆ ಒಪ್ಪಿಗೆ ಇಲ್ಲದ ಕಡೆಯಿಂದ ಮಾತಾಡಿ. ಎದುರಾಳಿ ಕೇಳಿ "ಹೌದು, ನಮ್ಮ ವಾದ ಇದೇ" ಎನ್ನಬೇಕು. ಅಲ್ಲಿಯವರೆಗೆ ಎರಡನೇ ಸುತ್ತಿಗೆ ಹೋಗಬೇಡಿ. ಎರಡನೇ ಸುತ್ತಿನಲ್ಲಿ ನಿಮ್ಮ ಕಡೆಯಿಂದ ಮಾತಾಡಿ, ಕೈಯಲ್ಲಿ ನೋಟ್‌ಬುಕ್ ಇರಲಿ. ಈಗ ನಡೆಯುತ್ತಿರುವ ಯುದ್ಧವಾದರೆ ಕೆಂಪು ಸಾಲುಗಳು ಇನ್ನೂ ಇರುವುದಿಲ್ಲ. ಅದಕ್ಕೆ ಹೆದರಬೇಡಿ, ಜಾಗ ಬಿಡಿ. ಆದರೆ ಬಲ ಪುಟದಲ್ಲಿ, ಯಾರೂ ಗುರಿ ಹೇಳಿಲ್ಲ ಎಂಬ ಕಾರಣಕ್ಕೆ, ಏನೂ ಇಲ್ಲದಿದ್ದರೆ ಭಾಷಣವನ್ನು ಅಲ್ಲಿಂದಲೇ ಶುರು ಮಾಡಿ.