ದ್ರುತ್‌ನಲ್ಲಿ ಒಡೆಯುತ್ತಿದ್ದ ದನಿ ಕೊನೆಗೂ ಸರಿಯಾಯ್ತು

ನಮ್ಮನೆ ಟರ್ನ್‌ಟೇಬಲ್‌ಗೆ, ಅಂದರೆ ರೆಕಾರ್ಡ್ ಪ್ಲೇಯರ್‌ಗೆ, ಒಂದೇ ಕಾಯಿಲೆ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ತಟ್ಟೆ ಹಾಕಿದರೆ ವಿಲಂಬಿತ್, ಅಂದರೆ ನಿಧಾನ ಲಯದ ಭಾಗ, ಚೆನ್ನಾಗೇ ಬರುತ್ತಿತ್ತು. ವೇಗದ ದ್ರುತ್ ಬಂದು ಸರಸರ ಓಡುವ ಸ್ವರಗಳ ತಾನುಗಳು ಶುರುವಾದವೋ, ದನಿ ಗೋಣಿಚೀಲ ಹರಿದ ಹಾಗೆ. ಹೀಗೆ ನಿಧಾನದಿಂದ ವೇಗಕ್ಕೆ ಏರುವ ಖಯಾಲ್ ಗಾಯನ ಕೇಳುವವರಿಗೆ ಈ ಸಂಕಟ ಗೊತ್ತು. ಹಾಡು ರಂಗೇರುವುದೂ ಸೂಜಿ ತಟ್ಟೆಯ ನಡುವಿನ ಲೇಬಲ್ ಹತ್ತಿರ ಒದ್ದಾಡುವುದೂ ಒಂದೇ ಹೊತ್ತಿಗೆ. ಅಂಚಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಓಡುವ ಗೆರೆ ಅಲ್ಲಿ 20ರ ಆಸುಪಾಸಿಗೆ ಇಳಿದಿರುತ್ತದೆ, ಅಷ್ಟೇ ದನಿ ಇಕ್ಕಟ್ಟಿನಲ್ಲಿ ತುರುಕಿರುತ್ತದೆ, ಅಲ್ವಾ.

"ಶಿರಸಿ ಮಳೆಗೆ ಬೂಷ್ಟು ಹಿಡಿದ ತಟ್ಟೆ ಭಾವ, ಎಂಥಾ ಸೂಜಿ ಹಾಕಿದ್ರೂ ಅಷ್ಟೇ" ಅಂದ ಹೆಂಡತಿಯ ತಮ್ಮ. ಇನ್ನಿಬ್ಬರು ಆಂಪ್ಲಿಫೈಯರ್ ಬದಲಿಸು ಅಂದರು.

ಮೊದಲು ಜಿಪುಣತನ ಮಾಡಿದೆ. ಒರಿಜಿನಲ್ ಅಂತ ಹೇಳಿ ಕೊಟ್ಟ 1,800 ರೂಪಾಯಿಯ ಬದಲಿ ಸೂಜಿ, ಭೂತಗನ್ನಡಿಯಲ್ಲಿ ನೋಡಿದರೆ ಸೂಜಿಮೊನೆ ಹೊತ್ತ ಸಣ್ಣ ಕಡ್ಡಿ, ಕ್ಯಾಂಟಿಲಿವರೇ, ಸೊಟ್ಟ. ಆಮೇಲೆ ಆಡಿಯೋ-ಟೆಕ್ನಿಕಾ ಕಂಪನಿಯ ವಿಎಂ95ಇ ಕಾರ್ಟ್ರಿಜ್ (ತೋಳಿನ ತುದಿಯಲ್ಲಿ ಸೂಜಿ ಕೂರುವ ಪುಟ್ಟ ಡಬ್ಬಿ), ಐದೂವರೆ ಸಾವಿರ ಇರಬೇಕು. ಅದನ್ನು ಕೂರಿಸುವಾಗ ಹಸಿರು ತಂತಿಯನ್ನು ಇಕ್ಕಳದಲ್ಲಿ ಎಳೆದು ತುದಿಯ ಟ್ಯಾಗನ್ನೇ ಮುರಿದೆ. ಜುಲೈ ತಿಂಗಳು, ಕರೆಂಟಿಲ್ಲ, ಬೆಸುಗೆ ಹಾಕಿಸಲು ಒಂದು ವಾರ ಹೋಯ್ತು. ಇಷ್ಟೆಲ್ಲ ಆಗಿ ದ್ರುತ್ ಅರ್ಧ ಮಾತ್ರ ಸುಧಾರಿಸಿತು. ಭಾವಮೈದ ನಕ್ಕ.

ಈ ವಿಎಂ95 ಸರಣಿಯ ಲಾಭ ಏನಂದ್ರೆ ಕಾರ್ಟ್ರಿಜ್ ಅದೇ ಇರಲಿ, ಸೂಜಿ ಮಾತ್ರ ಬದಲಿಸಬಹುದು. ಇ ಸೂಜಿ ಕಿತ್ತು ಅದಕ್ಕಿಂತ ಚೂಪಿನ ಎಂಎಲ್ ಸೂಜಿ ಸಿಕ್ಕಿಸಿದೆ. ಸುಮಾರು ಹದಿಮೂರು ಸಾವಿರ, ಅಂದರೆ ಮೂವತ್ತು ಕೆಜಿ ಚಾಲಿ ಅಡಿಕೆಯ ದುಡ್ಡು. ಮನೆಯಲ್ಲಿ ಎರಡು ದಿನ ಮಾತಿಲ್ಲ.

ಮೊದಲ ದಿನ ಮೊದಲಿಗಿಂತ ಕೆಟ್ಟದಾಗಿ ಕೇಳಿಸಿತು! ಇಷ್ಟು ಚೂಪು ಸೂಜಿ ಒಂದಿಷ್ಟು ಓರೆಯನ್ನೂ ಸಹಿಸುವುದಿಲ್ಲ. ಸೂಜಿಯ ಭಾರ ಹೊಂದಿಸುವ ಕೌಂಟರ್‌ವೇಟ್ ಮೇಲೆ 2 ಅಂತ ಇದ್ದರೂ ನಾನ್ನೂರು ರೂಪಾಯಿಯ ತೂಕದ ಯಂತ್ರ 2.4 ಗ್ರಾಂ ತೋರಿಸಿತು. ಅದನ್ನು ಸರಿಯಾಗಿ 2ಕ್ಕೆ ತಂದೆ. ಸೂಜಿಯ ಓರೆ ಅಳೆಯಲು ಮುದ್ರಿಸಿದ ಪ್ರೊಟ್ರಾಕ್ಟರ್, ಸಣ್ಣ ಕನ್ನಡಿ, ಮೊಬೈಲ್ ಟಾರ್ಚ್ ಇಟ್ಟುಕೊಂಡು ಮೂರು ರಾತ್ರಿ ಕೂತೆ. ಕಾರ್ಟ್ರಿಜ್ ಒಂದೂವರೆ ಮಿ.ಮೀ. ಹಿಂದಿತ್ತು. ಸ್ಕ್ರೂ ಬಿಗಿ ಮಾಡುವಾಗ ಅದು ಮತ್ತೆ ಜಾರುತ್ತದೆ, ಜಾರದಂತೆ ಹಿಡಿಯುವ ಉಪಾಯ ನನ್ನ ಹತ್ತಿರವೇ ಇರಲಿ. ಮಾಳಿಗೆಯ ಹಲಗೆ ಮೇಲೆ ಯಾರಾದರೂ ನಡೆದರೆ ಸೂಜಿ ಹಾರುತ್ತಿತ್ತು. ಪ್ಲೇಯರ್ ಅಡಿಗೆ ಒಂದು ಚಿರೆಕಲ್ಲು ಇಟ್ಟ ಮೇಲೆ ನಿಂತಿತು. ಕಲ್ಲಿಗೂ ಪ್ಲೇಯರ್‌ಗೂ ನಡುವೆ ಏನಿಟ್ಟೆ ಅನ್ನುವುದನ್ನೂ ಹೇಳುವುದಿಲ್ಲ.

ನಡುವೆ ಒಂದು ಅಧಿಕಪ್ರಸಂಗ. ಬೂಷ್ಟು ತೊಳೆಯಲು ಡಿಸ್ಟಿಲ್ಡ್ ವಾಟರ್‌ಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ್ದೆ. ಎಲ್‌ಪಿಗಳು ಫಳಫಳ ಆದವು. ಅದೇ ಉತ್ಸಾಹದಲ್ಲಿ ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗೂ ಬಳಿದೆ. ಅದು ಅರಗು, ಆಲ್ಕೋಹಾಲಿಗೆ ಕರಗುತ್ತದೆ ಅಂತ ಗೊತ್ತಿದ್ದೂ ಮರೆತೆ. ಬಟ್ಟೆ ಕಪ್ಪಾಯ್ತು, ತಟ್ಟೆ ಮಂಕಾಯ್ತು, ಅಪ್ಪನಿಗೆ ಇನ್ನೂ ಹೇಳಿಲ್ಲ.

ದೀಪಾವಳಿಗೆ ಬಂದ ಭಾವಮೈದನನ್ನು ಸುಮ್ನೆ ಕೂರಿಸಿ ಅದೇ ಮನ್ಸೂರರ ತಟ್ಟೆ ಹಾಕಿದೆ. ತಾನುಗಳು ಒಂದೊಂದೂ ಬಿಡಿಬಿಡಿಯಾಗಿ ಬಂದವು. ಅವನು ಮಾತಾಡಲಿಲ್ಲ, ಎದ್ದು ತಾನೇ ತಟ್ಟೆಯ ಮಗ್ಗುಲು ತಿರುಗಿಸಿದ. ಹೊರಡುವಾಗ ಹಳೆ ಇ ಸೂಜಿ ಕೊಡ್ತೀರಾ ಭಾವ ಅಂದ. ಎರಡು ಸಾವಿರ ಅಂದಿದ್ದೇನೆ.