ಕಡಲಿಲ್ಲದ ಊರಿನಲ್ಲಿ ಹೈಡ್ರಾಕ್ಟಿನಿಯಾ: ನನ್ನ ಅನುಭವ

ಅಮೆರಿಕದ ಓಹಾಯೋದಂತಹ ಒಳನಾಡಿನಲ್ಲಿ, ಕೃತಕ ಉಪ್ಪುನೀರನ್ನೇ ನಂಬಿ, ಶಂಖದ ಮೇಲೆ ಹಬ್ಬಿ ಬೆಳೆಯುವ ಪುಟ್ಟ ಕಡಲಜೀವಿ ಹೈಡ್ರಾಕ್ಟಿನಿಯಾವನ್ನು ಸಾಕಲು ಹೊರಟಾಗ, ಆರು ತಿಂಗಳೂ ಉಳಿಯದೆಂದು ಹೇಳಿದವರು ಒಬ್ಬಿಬ್ಬರಲ್ಲ. ಅಟ್ಲಾಂಟಿಕ್ ಕರಾವಳಿಯ ಕೇಪ್ ಕಾಡ್‌ನ ತೀರದಿಂದ ತಂದ ಕಾಲೊನಿಗಳಿಗೆ (ಒಂದಕ್ಕೊಂದು ಅಂಟಿ ಬೆಳೆಯುವ ಗುಂಪುಗಳಿಗೆ) ಈಗ ನಾಲ್ಕನೆಯ ವರ್ಷ ನಡೆಯುತ್ತಿದ್ದು, ಸುಮಾರು ಅರವತ್ತು ಗಾಜಿನ ಸ್ಲೈಡ್‌ಗಳ ಮೇಲೆ ಅವು ಹಬ್ಬಿವೆ.

ಮೊದಲು ಮಾಡಿದ ತಪ್ಪು ಸನ್ಯಾಸಿ ಏಡಿಗಳನ್ನೇ ಸಾಕಿದ್ದು. ಪಗುರಸ್ ಲಾಂಗಿಕಾರ್ಪಸ್ ಎಂಬ ಸನ್ಯಾಸಿ ಏಡಿ ಹೊತ್ತು ತಿರುಗುವ ಶಂಖವೇ ಈ ಜೀವಿಯ ಮನೆಯಾದ್ದರಿಂದ, ಏಡಿ ಸುಖವಾಗಿದ್ದರೆ ಕಾಲೊನಿಯೂ ಸುಖವಾಗಿರುತ್ತದೆಂದು ಭಾವಿಸಿದ್ದೆ. ಆದರೆ ಏಡಿಗಳು ಶಂಖಕ್ಕಾಗಿ ಕಿತ್ತಾಡಿದವು. ಬಿಟ್ಟುಹೋದ ಶಂಖಗಳು ಮರಳಿನಲ್ಲಿ ಹೂತು, ಮೇಲಿನ ಪಾಲಿಪ್‌ಗಳು (ಕಾಲೊನಿಯ ಕೊಳವೆಯಂತಹ ಪುಟ್ಟ ದೇಹಗಳು) ಕೊಳೆತವು.

ಆಮೇಲೆ ಎಲ್ಲರಂತೆ ನಾಲ್ಕೈದು ಪಾಲಿಪ್‌ಗಳಿರುವ ತುಣುಕನ್ನು ಕತ್ತರಿಸಿ, ಸ್ಲೈಡಿಗೆ ದಾರದಿಂದ ಕಟ್ಟಿದೆ. ಇಪ್ಪತ್ತನಾಲ್ಕರಲ್ಲಿ ಹದಿನೇಳು ತುಣುಕುಗಳು ಸ್ಟೋಲಾನ್ (ಕಾಲೊನಿ ಹಬ್ಬಲು ಚಾಚುವ ಬಳ್ಳಿಯಂತಹ ಕೊಳವೆ) ಚಾಚದೆಯೇ ಕರಗಿದವು. ನನ್ನ ಕತ್ತರಿಯನ್ನೂ ದಾರವನ್ನೂ ದೂರುತ್ತ ನಾಲ್ಕು ತಿಂಗಳು ಕಳೆದ ಮೇಲೆ, ಹಳೆಯ ಕಟ್ಟಡದ ಕೊಳವೆಗಳಿಂದ ನೀರಿಗೆ ಇಳಿಯುತ್ತಿದ್ದ ತಾಮ್ರವೇ ಕಾರಣವೆಂದು ತಿಳಿಯಿತು. ನೀರು ಶುದ್ಧಗೊಳಿಸುವ ಆರ್‌ಓ ಫಿಲ್ಟರಿಗೆ ಸುಮಾರು 180 ಡಾಲರ್ ಕೊಟ್ಟೆ. ಉಪ್ಪು, ಆಹಾರಕ್ಕೆಂದು ಮರಿ ಮಾಡಿಸುವ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂತಹ ಜೀವಿ) ಮೊಟ್ಟೆ ಎಲ್ಲವೂ ಸೇರಿ ಮೊದಲ ಎರಡು ವರ್ಷಗಳಲ್ಲಿ ನನ್ನ ಕೈಯಿಂದ ಹೋದದ್ದು 1,400 ಡಾಲರಿಗೆ ಕಡಿಮೆಯಿಲ್ಲ.

ನೀರು ಸರಿಹೋದ ಮೇಲೆ ಅತಿಯಾದ ಆಹಾರ ಕಾಡಿತು. ದಿನವೂ ಉಣಿಸುತ್ತಿದ್ದೆ, ಉಳಿದ ಮರಿಗಳು ಕೊಳೆತು, ಸ್ಲೈಡ್‌ಗಳನ್ನು ಪಾಚಿ ಮುಚ್ಚುತ್ತಿತ್ತು. ಈಗ ವಾರಕ್ಕೆ ಮೂರು ಸಲ, ಎರಡು ಮೂರು ದಿನಗಳ ಆರ್ಟೀಮಿಯಾ ಮರಿಗಳನ್ನು ಕೊಟ್ಟು, ಕೆಲವು ಗಂಟೆಗಳ ನಂತರ ನೀರು ಬದಲಾಯಿಸುತ್ತೇನೆ. ನೀರು 20ರಿಂದ 22 ಡಿಗ್ರಿ ಸೆಲ್ಸಿಯಸ್, ಉಪ್ಪಿನಂಶ ಲೀಟರಿಗೆ 30 ಗ್ರಾಂ ಆಸುಪಾಸು. ಸ್ಲೈಡ್‌ಗಳನ್ನು ಯಾವ ಕೋನದಲ್ಲಿ ನಿಲ್ಲಿಸುತ್ತೇನೆ, ಗಾಳಿಯ ಗುಳ್ಳೆಗಳನ್ನು ಎಲ್ಲಿಂದ ಬಿಡುತ್ತೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ಹೇಳಲಾರೆ. ಪಾಚಿ ನನ್ನ ತೊಟ್ಟಿಯಲ್ಲಿ ಸೋತದ್ದು ಅದರಿಂದಲೇ.

ಸಂತಾನದ ವಿಷಯದಲ್ಲಿ ಇವುಗಳ ಸಮಯಪಾಲನೆ ನನಗೆ ಇಂದಿಗೂ ಆನಂದ ಕೊಡುತ್ತದೆ. ಕತ್ತಲೆಯ ನಂತರ ದೀಪ ಹೊತ್ತಿದ ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಗಂಡು ಕಾಲೊನಿಗಳು ವೀರ್ಯವನ್ನೂ ಹೆಣ್ಣು ಕಾಲೊನಿಗಳು ಮೊಟ್ಟೆಗಳನ್ನೂ ಬಿಡುತ್ತವೆ. ಎರಡು ಮೂರು ದಿನಗಳಲ್ಲಿ ಪ್ಲಾನುಲಾ ಎಂಬ ಮರಿಹುಳುಗಳು ಸಿದ್ಧವಾಗುತ್ತವೆ. ಅವು ನೆಲೆಯೂರಿ ಪಾಲಿಪ್ ಆಗುವಂತೆ ಪ್ರಚೋದಿಸಲು ಮೂರು ಗಂಟೆ ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇರಿಸಿ ತೆಗೆದಾಗ, ನನ್ನ ನೆನಪಿನಂತೆ ನೂರರಲ್ಲಿ ಎಪ್ಪತ್ತು ಗಾಜಿಗೆ ಅಂಟಿಕೊಂಡವು. ಹೀಗೆ ಹುಟ್ಟಿದ ಒಂಟಿ ಪಾಲಿಪ್‌ಗೆ ಇಡೀ ಆರ್ಟೀಮಿಯಾ ನುಂಗಲಾಗದು, ಜಜ್ಜಿ ಕೊಡಬೇಕು. ಇದನ್ನು ತಿಳಿಯುವ ಮೊದಲು ಒಂದಿಡೀ ತಂಡವನ್ನು ಉಪವಾಸ ಕೊಂದೆನೆಂಬ ಕೊರಗು ನನಗಿದೆ.

ನಡುವೆ, ಸಂಬಂಧವಿಲ್ಲದ ಎರಡು ಕಾಲೊನಿಗಳನ್ನು ಒಂದೇ ಸ್ಲೈಡಿನ ಮೇಲೆ ಬೆಳೆಸಿ ನೋಡಿದೆ. ಅಂಚುಗಳು ತಾಗಿದೊಡನೆ ಸ್ಟೋಲಾನ್‌ಗಳು ಊದಿಕೊಂಡು, ಕುಟುಕು ಕೋಶಗಳಿಂದ ಒಂದನ್ನೊಂದು ಸುಡತೊಡಗಿದವು. ಸುಮಾರು ಮೂರು ವಾರಗಳಲ್ಲಿ ಚಿಕ್ಕದು ಅಳಿಯಿತು. ಈಗ ಒಂದೇ ತಾಯಿ-ತಂದೆಯ ಹನ್ನೆರಡು ಜೋಡಿಗಳನ್ನು ಹಾಗೆಯೇ ಇಟ್ಟಿದ್ದೇನೆ. ಮೂರು ಜೋಡಿಗಳು ಜಗಳವಿಲ್ಲದೆ ಬೆಸೆದುಕೊಂಡಿವೆ. ಉಳಿದವುಗಳ ಅಂಚುಗಳು ಇನ್ನೂ ತಾಗಿಲ್ಲ.